ಎಲ್‌ಎಲ್‌ಬಿ ಮುಗಿಯಾಕ ಬಂತು. ಎಲ್‌ಎಲ್‌ಎಂ ಮಾಡ್ಲೋ, ಎಂಎ ಅರ್ಥಶಾಸ್ತ್ರ ಮಾಡ್ಲೋ, ಎರಡೂ ಕೂಡೇ ಆಗ್ತದೇನ್ರಿ?

ಕೃಷ್ಣಾತೀರ

ಎಲ್ಲರಿಗೂ ನಮಸ್ಕಾರ್ರಿ. ರಾಯಬಾಗ ತಾಲೂಕಿನವ ನಾನು. ಬಿಎದಾಗ ಅರ್ಥಶಾಸ್ತ್ರ ಓದೀನಿ, ಈಗ ಮೂರು ವರ್ಷದ ಎಲ್‌ಎಲ್‌ಬಿಯ ಕಡೇ ಸೆಮಿಸ್ಟರ್. ಮನ್ಯಾಗ ಅಪ್ಪ ಒಂದೇ ಮಾತು: ಸನ್ನದು ತಗೋ, ಕೋರ್ಟಿಗೆ ಹೋಗು. ನನಗೆ ಇನ್ನೂ ಓದೋ ಆಸೆ ಐತಿ.

ಕಾಂಟ್ರ್ಯಾಕ್ಟ್ ಕ್ಲಾಸಿನೊಳಗೆ ಕಲಂ 73 ನಡೆದಾಗ ಒಂದು ಪ್ರಶ್ನೆ ಕೇಳಿದ್ದೆ. ಕರಾರು ಮುರಿದವ ಇಷ್ಟೇ ಪರಿಹಾರ ಕೊಡಬೇಕು ಅಂತ ಯಾಕೆ? ಹೆಚ್ಚು ಇಟ್ಟರೆ ಏನಾಗ್ತದ, ಕಡಿಮೆ ಇಟ್ಟರೆ ಏನಾಗ್ತದ? ಸರ್ ನಕ್ಕು, 'ಅದು ಪರೀಕ್ಷೆಗೆ ಬರಂಗಿಲ್ಲ' ಅಂದ್ರು. ಆಮೇಲೆ ಹುಡುಕಿದಾಗ ಗೊತ್ತಾತು, ಇದಕ್ಕಂತಲೇ 'ಲಾ ಅಂಡ್ ಎಕನಾಮಿಕ್ಸ್' ಅನ್ನೋ ವಿಷಯಾನೇ ಐತಿ, ಯುರೋಪಿನಾಗ ಮಾಸ್ಟರ್ಸ್ ಕೂಡ ಐತಿ. ಇಲ್ಲೇ ಇದ್ದು ಎರಡನ್ನೂ ಓದೋ ದಾರಿ ಐತೇನು? ಓದಿದ ಮ್ಯಾಲೆ ಅನ್ನ ಸಿಗ್ತದೇನು? ನೇರ ಹೇಳ್ರಿ, ಬೇಜಾರಿಲ್ಲ.

ಸೀಮೆಸುಣ್ಣ

ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವನು. ಮೊದಲು ನಿಯಮದ ಮಾತು ಮುಗಿಸಿಬಿಡೋಣ, ಇದರಲ್ಲಿ ಬಹಳ ಹುಡುಗರು ಎಡವುತ್ತಾರೆ.

2022ರ ಏಪ್ರಿಲ್‌ನಲ್ಲಿ ಯುಜಿಸಿ 'ಒಟ್ಟಿಗೆ ಎರಡು ಪದವಿ ಮಾಡಬಹುದು' ಅಂದಿತು. ಅದನ್ನು ನಂಬಿಕೊಂಡು ಎಲ್‌ಎಲ್‌ಬಿ ಜೊತೆಗೆ ರೆಗ್ಯುಲರ್ ಎಂಎಗೆ ಸೇರಲು ಹೋಗಬೇಡಿ. ಬಾರ್ ಕೌನ್ಸಿಲ್‌ನ 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ 6ನೇ ನಿಯಮ, ಕಾನೂನು ಪದವಿ ಓದುವವನು ಅದೇ ಹೊತ್ತಿಗೆ ಇನ್ನೊಂದು ಪದವಿಗೆ ಹೆಸರು ನೋಂದಾಯಿಸಬಾರದು ಅನ್ನುತ್ತದೆ. ಆದರೆ ಅದೇ ನಿಯಮದ ಬಾಲದಲ್ಲಿ ಒಂದು ವಿನಾಯಿತಿ ಇದೆ: ದೂರಶಿಕ್ಷಣ ಕೇಂದ್ರದ ಕೋರ್ಸು ಈ ನಿರ್ಬಂಧಕ್ಕೆ ಬರುವುದಿಲ್ಲ. ಅಂದರೆ ಎಲ್‌ಎಲ್‌ಬಿ ಓದುತ್ತಲೇ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲೋ ಇಗ್ನೋದಲ್ಲೋ ಎಂಎ ಅರ್ಥಶಾಸ್ತ್ರ ಮಾಡಲು ದಾರಿ ಇತ್ತು. ನಿಮಗೆ ಇದನ್ನು ಎರಡು ವರ್ಷ ಹಿಂದೆಯೇ ಯಾರಾದರೂ ಹೇಳಬೇಕಿತ್ತು.

ಇನ್ನು ಎಲ್‌ಎಲ್‌ಎಂ, ಎಂಎ ಎರಡರಲ್ಲಿ ಯಾವುದು ಅನ್ನುವ ಪ್ರಶ್ನೆ. ಮೇಷ್ಟ್ರಾಗಬೇಕು ಅನ್ನುವ ಆಸೆ ಇದ್ದರೆ ಒಂದು ಮಾತು ನೆನಪಿಡಿ. ಕಾನೂನು ಕಾಲೇಜಿಗೆ ಎಲ್‌ಎಲ್‌ಎಂ ಬೇಕು, ನಮ್ಮ ವಿಭಾಗಕ್ಕೆ ಅರ್ಥಶಾಸ್ತ್ರದ ಎಂಎ ಬೇಕು. ಮೇಷ್ಟ್ರ ಹುದ್ದೆಯ ಅರ್ಹತಾ ಪರೀಕ್ಷೆಗಳಾದ ನೆಟ್, ಕೆ-ಸೆಟ್ ಎರಡೂ ವಿಷಯವಾರು. ಲಾ ಅಂಡ್ ಎಕನಾಮಿಕ್ಸ್ ಅನ್ನುವ ನಡುವಿನ ಪದವಿ ಹಿಡಿದುಕೊಂಡು ಬಂದವನನ್ನು ಅವರೂ ಒಳಗೆ ಬಿಡುವುದಿಲ್ಲ, ಇವರೂ ಬಿಡುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಯುಪಿಎಸ್‌ಸಿಯ ಇಂಡಿಯನ್ ಎಕನಾಮಿಕ್ ಸರ್ವೀಸ್‌ಗೂ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿಯೇ ಬೇಕು. ನಿಮಗೆ ಬಿಎ ಇರುವುದರಿಂದ ಎಂಎ ಸಲೀಸು.

ಗಣಿತ ಹೇಗಿದೆ? ನಿಜ ಹೇಳಿ.

ಕೃಷ್ಣಾತೀರ

ಗಣಿತ ಪಿಯುಸಿಯೊಳಗೂ ಇರಲಿಲ್ಲರಿ. ಎಸ್‌ಎಸ್‌ಎಲ್‌ಸಿಗೆ 71.

ಸೀಮೆಸುಣ್ಣ

ಆಯ್ತು, ಆ ಮಾತಿಗೆ ಆಮೇಲೆ ಬರ್ತೀನಿ.

ಕರಿಕೋಟು

ಮಂಡ್ಯ ಕಡೆಯ ತಾಲೂಕು ಕೋರ್ಟಿನಲ್ಲಿ 22 ವರ್ಷದಿಂದ ಇದೀನಿ. ತಮ್ಮಾ, ಎಲ್ಲ ಬಿಟ್ಟು ಮೊದಲು ಸನ್ನದು ತಗೋ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಸಿವಿಲ್ ಜಡ್ಜ್ ಪರೀಕ್ಷೆಗೆ ಮೂರು ವರ್ಷ ಪ್ರಾಕ್ಟೀಸ್ ಕಡ್ಡಾಯ ಅಂತ ಮತ್ತೆ ತಂದಿದೆ. ತಾತ್ಕಾಲಿಕ ನೋಂದಣಿ ಆದ ದಿನದಿಂದ ಲೆಕ್ಕ. ನಾಳೆ ಜಡ್ಜ್ ಆಗೋ ಮನಸ್ಸು ಬಂದರೆ ಈ ಮಾಸ್ಟರ್ಸು ಗೀಸ್ಟರ್ಸು ಅಂತ ಕಳೆದ ವರ್ಷಗಳೆಲ್ಲ ದಂಡ.

ಇನ್ನು ಈ ಲಾ ಅಂಡ್ ಎಕನಾಮಿಕ್ಸು. ನಮ್ಮ ಕೋರ್ಟಿನಲ್ಲಿ ಯಾವ ಅರ್ಥಶಾಸ್ತ್ರವೂ ನಡೆಯಲ್ಲ ಕಣಪ್ಪ. ಸರ್ವೇ ಸ್ಕೆಚ್ಚು, ಪಹಣಿ, ಸಾಕ್ಷಿ ಬಂದನಾ ಇಲ್ವಾ, ವಾಯಿದೆ. ಅಮೆರಿಕದ ಪ್ರೊಫೆಸರುಗಳು ಕೂತು ಬರೆದದ್ದನ್ನು ಇಟ್ಟುಕೊಂಡು ಬದುವಿನ ಜಗಳ ಬಿಡಿಸೋಕಾಗುತ್ತಾ?

ಎಲ್ಬೆದಂಡೆ

ಹ್ಯಾಂಬರ್ಗ್‌ನಲ್ಲಿರುವ ದಾವಣಗೆರೆಯವಳು. ಆ ಯುರೋಪಿನ ಮಾಸ್ಟರ್ಸ್ ಮಾಡಿದವಳೇ ನಾನು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಅದರ ಪೂರ್ತಿ ಹೆಸರು ಯುರೋಪಿಯನ್ ಮಾಸ್ಟರ್ ಇನ್ ಲಾ ಅಂಡ್ ಎಕನಾಮಿಕ್ಸ್. ಎಲ್ಲರೂ ಕರೆಯುವುದು ಇಎಂಎಲ್‌ಇ ಅಂತ. 1990ರಿಂದ ನಡೆಯುತ್ತಿದೆ. ಒಂದೇ ವಿಶ್ವವಿದ್ಯಾಲಯವಲ್ಲ, ಹಲವು ಸೇರಿಕೊಂಡು ನಡೆಸುವ ಕೂಟ. ರಾಟರ್‌ಡ್ಯಾಮ್, ಹ್ಯಾಂಬರ್ಗ್, ಘೆಂಟ್, ವಾರ್ಸಾ ಇವೆಲ್ಲ ಅದರಲ್ಲಿ ಬಂದಿವೆ. ಮುಂಬೈ ಗೋರೆಗಾಂವ್‌ನ ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನಾ ಸಂಸ್ಥೆಯೂ ಪಾಲುದಾರನಾಗಿತ್ತು. ಒಂದು ವರ್ಷ, ಮೂರು ಟರ್ಮ್, ಟರ್ಮಿಗೊಂದು ಊರು. ಕಾನೂನಿನವರನ್ನೂ ತಗೋತಾರೆ, ಅರ್ಥಶಾಸ್ತ್ರದವರನ್ನೂ ತಗೋತಾರೆ. ಮೊದಲ ವಾರಗಳಲ್ಲಿ ಲಾಯರುಗಳಿಗೆ ಮೈಕ್ರೋ ಎಕನಾಮಿಕ್ಸ್, ಎಕನಾಮಿಸ್ಟುಗಳಿಗೆ ಕಾನೂನಿನ ಪರಿಚಯ. ಆ ವಾರಗಳಲ್ಲಿ ಎರಡೂ ಗುಂಪಿನ ಮುಖ ನೋಡಬೇಕಿತ್ತು.

ದುಡ್ಡಿನ ವಿಷಯ. ಜರ್ಮನಿ ಅಂದರೆ ಫೀಸೇ ಇಲ್ಲ ಅಂದುಕೊಂಡು ಬರಬೇಡಿ, ಈ ಕೋರ್ಸಿಗೆ ಫೀಸ್ ಇದೆ. ಜರ್ಮನಿಯ ವೀಸಾಗೆ ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷಕ್ಕೆ 11,904 ಯೂರೋ ತೋರಿಸಬೇಕು, ತಿಂಗಳಿಗೆ 992ರಂತೆ ಬಿಡ್ತಾರೆ. ಊರೂರು ಬದಲಿಸುವುದರಿಂದ ಪ್ರತಿ ಮೂರು ತಿಂಗಳಿಗೆ ಮನೆ ಹುಡುಕುವ ಕಷ್ಟ ಬೇರೆ. ಜನವರಿಯಲ್ಲಿ ಎರಡು ಸೂಟ್‌ಕೇಸು ಎಳೆದುಕೊಂಡು ಹಿಮದಲ್ಲಿ ನಿಂತಾಗ ನನಗೆ ಅಲ್ಲಿ ಕಲಿತ ಕೋಸ್ ಪ್ರಮೇಯ (ಕೆಳಗೆ ಹೇಳ್ತೀನಿ) ಒಂದು ಚೂರೂ ನೆನಪಾಗಲಿಲ್ಲ.

ಕರಿಕೋಟು ಸರ್, ಬದುವಿನ ಜಗಳ ಅಂದಿರಲ್ಲ, ಈ ವಿಷಯ ಹುಟ್ಟಿದ್ದೇ ಅಂಥ ಜಗಳದಿಂದ. 1879ರ ಲಂಡನ್ನಿನ ಕೇಸು. ಒಬ್ಬ ಮಿಠಾಯಿ ಮಾಡುವವನು, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಅಡುಗೆಮನೆಯಲ್ಲಿ ದೊಡ್ಡ ಒರಳಿಟ್ಟುಕೊಂಡು ಕುಟ್ಟುತ್ತಿದ್ದ. ಹಿಂದುಗಡೆ ಮನೆಯಲ್ಲಿ ಒಬ್ಬ ಡಾಕ್ಟರು. ಆತ ತನ್ನ ತೋಟದ ಕೊನೆಗೆ, ಸರಿಯಾಗಿ ಆ ಗೋಡೆಗೇ ಒತ್ತಿಕೊಂಡು, ರೋಗಿಗಳನ್ನು ನೋಡುವ ಕೋಣೆ ಕಟ್ಟಿಸಿದ. ಕಿವಿಗೆ ಸ್ಟೆತಸ್ಕೋಪ್ ಇಟ್ಟರೆ ಎದೆಬಡಿತದ ಬದಲು ಒರಳಿನ ಸದ್ದು. ಕೇಸು ಹಾಕಿದ, ಗೆದ್ದ.

ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1960ರ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ಇದನ್ನೇ ಎತ್ತಿಕೊಂಡು ಕೇಳಿದ್ದು: ತೊಂದರೆ ಕೊಟ್ಟವನು ಯಾರು? ಒರಳಿದ್ದಲ್ಲಿಗೆ ಕೋಣೆ ತಂದದ್ದು ಡಾಕ್ಟರು. ಒರಳು ನಿಲ್ಲಿಸಿದರೆ ಮಿಠಾಯಿಯವನಿಗೆ ನಷ್ಟ, ನಿಲ್ಲಿಸದಿದ್ದರೆ ಡಾಕ್ಟರಿಗೆ. ತೊಂದರೆ ಎರಡೂ ಕಡೆಯದು. ಇಬ್ಬರೂ ಖರ್ಚಿಲ್ಲದೆ ಕೂತು ಮಾತಾಡಿಕೊಳ್ಳುವ ಹಾಗಿದ್ದರೆ, ಕೋರ್ಟು ಯಾರ ಪರ ಹೇಳಿದರೂ, ಆ ಜಾಗದಿಂದ ಯಾರಿಗೆ ಹೆಚ್ಚು ಉಪಯೋಗವೋ ಅವನೇ ಇನ್ನೊಬ್ಬನಿಗೆ ದುಡ್ಡು ಕೊಟ್ಟು ಉಳಿಸಿಕೊಳ್ಳುತ್ತಾನೆ. ಆದರೆ ಮಾತಾಡಿಕೊಳ್ಳುವುದಕ್ಕೆ ಯಾವಾಗಲೂ ಖರ್ಚು ಇದ್ದೇ ಇರುತ್ತದೆ. ಕಾನೂನು ಮುಖ್ಯವಾಗುವುದು ಅದಕ್ಕೇ. ಮೊದಲ ಅರ್ಧವನ್ನು ಮಾತ್ರ ಓದಿ 'ಮಾರುಕಟ್ಟೆಗೆ ಬಿಟ್ಟುಬಿಡಿ' ಅನ್ನುವವರು ಬಹಳ. ಕೋಸ್‌ಗೆ ನೊಬೆಲ್ ಬಂದದ್ದು 1991ರಲ್ಲಿ.

ಕರಿಕೋಟು

ಕಥೆ ಚೆನ್ನಾಗಿದೆ ತಾಯಿ. ನಮ್ಮಲ್ಲಿ ಆ ಮಿಠಾಯಿಯವನೂ ಡಾಕ್ಟರೂ ಅಣ್ಣ ತಮ್ಮಂದಿರಾಗಿರ್ತಾರೆ, ಮೂವತ್ತು ವರ್ಷದಿಂದ ಮಾತು ಬಿಟ್ಟಿರ್ತಾರೆ. ದುಡ್ಡು ಕೊಟ್ಟರೂ ತಗೊಳಲ್ಲ. 'ಅವನಿಗೆ ಸಿಗಬಾರದು' ಅಷ್ಟೇ ಬೇಕಾಗಿರೋದು. ಅದನ್ನು ನಿಮ್ಮ ಲೆಕ್ಕದಲ್ಲಿ ಎಲ್ಲಿ ಬರಕೊಳ್ತೀರಿ?

ಎಲ್ಬೆದಂಡೆ

ನಿಜವಾಗಿಯೂ ಒಳ್ಳೆಯ ಪ್ರಶ್ನೆ. ಕ್ಲಾಸಿನಲ್ಲಿ ಇದಕ್ಕೆ ಸರಿಯಾದ ಉತ್ತರ ನನಗೆ ಸಿಗಲಿಲ್ಲ.

ಸಿಗ್ನಲ್‌ಜಂಪ್

ನಾನು ಲಾಯರೂ ಅಲ್ಲ, ಮೇಷ್ಟ್ರೂ ಅಲ್ಲ. ಬೆಂಗಳೂರಲ್ಲಿ ಟ್ರಾಫಿಕ್ ದಂಡಕ್ಕೆ 50% ಡಿಸ್ಕೌಂಟ್ ಕೊಟ್ರಲ್ಲ, 2023ರ ಫೆಬ್ರವರಿಯಲ್ಲಿ. ಇದು ನಿಮ್ಮ ವಿಷಯಕ್ಕೆ ಬರುತ್ತಾ? ನಾನಂತೂ ಅವತ್ತಿಂದ ದಂಡ ಕಟ್ಟೋದೇ ಬಿಟ್ಟಿದೀನಿ, ಮುಂದಿನ ಆಫರ್‌ಗೆ ಕಾಯ್ತಿದೀನಿ.

ಸೀಮೆಸುಣ್ಣ

ನೀವೇ ಗ್ಯಾರಿ ಬೆಕರ್ ಸ್ವಾಮಿ. ಅಮೆರಿಕದ ಆ ಅರ್ಥಶಾಸ್ತ್ರಜ್ಞ 1968ರಲ್ಲಿ ಬರೆದದ್ದರ ತಿರುಳು ಇಷ್ಟೇ: ತಪ್ಪು ಮಾಡುವವನ ತಲೆಯಲ್ಲಿ ಓಡುವುದು ದಂಡದ ಮೊತ್ತ ಮಾತ್ರ ಅಲ್ಲ, ಸಿಕ್ಕಿಬೀಳುವ ಸಂಭವ ಗುಣಿಸು ದಂಡ. ಹೆಲ್ಮೆಟ್ ಇಲ್ಲದ್ದಕ್ಕೆ 500 ರೂಪಾಯಿ, ಇಪ್ಪತ್ತು ಸಲಕ್ಕೆ ಒಮ್ಮೆ ಸಿಕ್ಕಿಬೀಳ್ತೀರಿ ಅಂದುಕೊಳ್ಳಿ. ಒಂದು ಸಲದ ನಿಜವಾದ ಬೆಲೆ 25 ರೂಪಾಯಿ. ಅರ್ಧ ಮಾಫಿ ಬರುತ್ತದೆ ಅಂತ ಗೊತ್ತಾದರೆ ಹನ್ನೆರಡೂವರೆ. 2019ರಲ್ಲಿ ಕೇಂದ್ರ ದಂಡ ಏರಿಸಿತು, ಅದೇ ತಿಂಗಳು ನಮ್ಮ ಸರ್ಕಾರ ಇಳಿಸಿತು, ಆಮೇಲೆ ಮಾಫಿ ಕೊಟ್ಟಿತು, 2025ರಲ್ಲಿ ಮತ್ತೆ ಕೊಟ್ಟಿತು. ಬಾಕಿ ವಸೂಲಾಯಿತು ಅಂತ ಖಜಾನೆಗೆ ಖುಷಿ, ಆದರೆ ಜನ ಕಾಯುವುದನ್ನು ಕಲಿತರು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಸ್ಪೀಡು ಇಳಿದದ್ದು ದಂಡ ಏರಿದ್ದಕ್ಕಲ್ಲ, ಕ್ಯಾಮೆರಾ ಬಂದದ್ದಕ್ಕೆ. ಅಂದರೆ ಗುಣಾಕಾರದ ಇನ್ನೊಂದು ಅಂಕಿ ಬದಲಾಯಿತು.

(ದಂಡ ಕಟ್ಟಿಬಿಡಿ ಮಾರಾಯರೇ.)

ಅಡಿಕೆಗೊನೆ

ಊರು ಚನ್ನಗಿರಿ. ಈಗ ದೆಹಲಿಯಲ್ಲಿ ಸ್ಪರ್ಧಾ ಕಾನೂನು, ಅಂದರೆ ಕಾಂಪಿಟಿಷನ್ ಲಾ ಪ್ರಾಕ್ಟೀಸು. ಅನ್ನದ ಪ್ರಶ್ನೆಗೆ ನಾನು ಉತ್ತರ ಕೊಡ್ತೀನಿ.

ಎರಡೂ ಗೊತ್ತಿದ್ದವರಿಗೆ ನೇರ ಬೆಲೆ ಇರುವ ಜಾಗ ಇದೇ. ಒಂದು ಕಂಪನಿ ಮಾರುಕಟ್ಟೆಯಲ್ಲಿ ಪ್ರಾಬಲ್ಯ ದುರುಪಯೋಗ ಮಾಡಿತೋ ಇಲ್ಲವೋ ಅನ್ನುವ ಮೊದಲು 'ಮಾರುಕಟ್ಟೆ' ಅಂದರೆ ಯಾವುದು ಅಂತ ತೀರ್ಮಾನ ಆಗಬೇಕು. ಬೆಲೆಯನ್ನು ಶೇ 5ರಷ್ಟು ಏರಿಸಿದರೆ ಗಿರಾಕಿ ಎಲ್ಲಿಗೆ ಹೋಗ್ತಾನೆ? ಅದೇ ಪರೀಕ್ಷೆ. ಇದನ್ನು ಕಲಂ ಓದಿ ಹೇಳಲು ಬರುವುದಿಲ್ಲ, ಲೆಕ್ಕ ಬೇಕು. ಆಂಡ್ರಾಯ್ಡ್ ವಿಷಯದಲ್ಲಿ ಗೂಗಲ್‌ಗೆ ಸ್ಪರ್ಧಾ ಆಯೋಗ 2022ರಲ್ಲಿ ಹಾಕಿದ ದಂಡ 1,337.76 ಕೋಟಿ. ಆ ಫೈಲುಗಳಲ್ಲಿ ಅರ್ಧ ವಾದ, ಅರ್ಧ ಅಂಕಿ. ಆಯೋಗದಲ್ಲೇ ಕಾನೂನಿನವರು, ಅರ್ಥಶಾಸ್ತ್ರದವರು ಅಂತ ಬೇರೆ ಬೇರೆ ಅಧಿಕಾರಿ ವರ್ಗ ಇದೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಅರ್ಥವಾಗದೆ ಮೀಟಿಂಗಿನಲ್ಲಿ ಕೂತಿರುವುದನ್ನು ನಾವು ದಿನಾ ನೋಡ್ತೀವಿ. ನಡುವೆ ಕೂತು ಅನುವಾದ ಮಾಡುವವನಿಗೆ ಸಂಬಳ ಸಿಗುತ್ತದೆ. ವಿದ್ಯುತ್ ನಿಯಂತ್ರಣ ಆಯೋಗದ ಕೆಲಸ, ದಿವಾಳಿ ಸಂಹಿತೆಯ ಕೆಲಸ, ಬೆಂಗಳೂರಿನ ದಕ್ಷ್, ವಿಧಿ ತರಹದ ಸಂಶೋಧನಾ ಸಂಸ್ಥೆಗಳು, ಇವೂ ಇವೆ. ಹುದ್ದೆ ಕಡಿಮೆ, ಅದನ್ನು ಮುಚ್ಚಿಡಲ್ಲ.

ಆಮೇಲೆ ನಿಮ್ಮ ಕಲಂ 73ರ ಪ್ರಶ್ನೆ. ನಮ್ಮ ಕಡೆ ಅಡಿಕೆ ಚೇಣಿ ಅಂತ ಇದೆ. ಖೇಣಿ ಅಂತಲೂ ಅಂತಾರೆ, ಊರಿಗೊಂದು ಉಚ್ಚಾರ. ಗೊನೆ ಮರದಲ್ಲಿರುವಾಗಲೇ ಫಸಲನ್ನು ಚೇಣಿದಾರನಿಗೆ ಇಷ್ಟಕ್ಕೆ ಅಂತ ಮಾತಾಡಿ ಕೊಡುವುದು. ಕೊಯ್ಲಿನ ಹೊತ್ತಿಗೆ ರೇಟು ಏರಿತು ಅಂದುಕೊಳ್ಳಿ. ಬೇರೆಯವನು ಹೆಚ್ಚು ಕೊಡ್ತೀನಿ ಅಂದ. ತೋಟದವನು ಮಾತು ಮುರಿದು, ಮೊದಲನೆಯವನಿಗೆ ಆದ ನಷ್ಟ ತುಂಬಿಕೊಟ್ಟು, ಆಮೇಲೂ ಲಾಭದಲ್ಲಿದ್ದರೆ? ಯಾರಿಗೂ ನಷ್ಟವಿಲ್ಲ, ಒಬ್ಬನಿಗೆ ಲಾಭ, ಹಾಗಾದರೆ ಮುರಿಯಲಿ ಬಿಡಿ ಅನ್ನುತ್ತದೆ ಒಂದು ವಾದ. ಪರಿಹಾರವನ್ನು 'ಆದ ನಷ್ಟ'ಕ್ಕೆ ಸೀಮಿತ ಮಾಡಿದ ಕಲಂ 73 ಈ ವಾದಕ್ಕೆ ಹೊಂದುತ್ತದೆ. ದಂಡ ಅಂತ ಹತ್ತು ಪಟ್ಟು ಇಟ್ಟಿದ್ದರೆ ಯಾರೂ ಮುರಿಯುತ್ತಿರಲಿಲ್ಲ, ಯಾರೂ ಚೇಣಿ ಮಾತೂ ಆಡುತ್ತಿರಲಿಲ್ಲ.

ಆದರೆ 2018ರಲ್ಲಿ ಸ್ಪೆಸಿಫಿಕ್ ರಿಲೀಫ್ ಕಾಯ್ದೆಗೆ ತಿದ್ದುಪಡಿ ಬಂತು. ಮೊದಲು 'ದುಡ್ಡಿನಲ್ಲಿ ಸರಿಹೋಗುವುದಾದರೆ ದುಡ್ಡೇ ಕೊಡಿಸು' ಅನ್ನುವ ಒಲವಿತ್ತು. ಈಗ ಕೆಲವು ಅಪವಾದ ಬಿಟ್ಟರೆ 'ಕರಾರಿನಂತೆ ನಡೆಸು' ಅನ್ನುವುದೇ ನಿಯಮ. ಈ ಬದಲಾವಣೆ ಒಳ್ಳೆಯದೋ ಕೆಟ್ಟದ್ದೋ ಅಂತ ನಾಲ್ಕು ಪುಟ ಬರೆಯಿರಿ. ನಿಮ್ಮ ಎಲ್‌ಎಲ್‌ಎಂ ಅರ್ಜಿಗೆ ಅದಕ್ಕಿಂತ ಒಳ್ಳೆಯ ಬರವಣಿಗೆ ಬೇಡ.

ಊರಲ್ಲಿ ಚೇಣಿ ಮಾತು ಮುರಿದವನ ತೋಟಕ್ಕೆ ಮುಂದಿನ ವರ್ಷ ಯಾವ ಚೇಣಿದಾರನೂ ಕಾಲಿಡಲ್ಲ. ಅದು ಯಾವ ಕಲಂನಲ್ಲೂ ಇಲ್ಲ.

ಕನ್ನಂಬಾಡಿ

ಕೋಸ್ ಅಂದ್ರಲ್ಲ, ಹಾಗಾದ್ರೆ ಕಾವೇರಿಗೆ ಹಚ್ಚಿ ನೋಡೋಣ. 2018ರಲ್ಲಿ ಸುಪ್ರೀಂ ಕೋರ್ಟು ನಮಗೆ 284.75 ಟಿಎಂಸಿ, ತಮಿಳುನಾಡಿಗೆ 404.25. ಬಿಳಿಗುಂಡ್ಲುವಿನಲ್ಲಿ ಬಿಡಬೇಕಾದ್ದು 192ರಿಂದ 177.25ಕ್ಕೆ ಇಳಿಯಿತು. ಹಕ್ಕು ಬರೆದಾಯ್ತಲ್ಲ, ಇನ್ನು ಎರಡು ರಾಜ್ಯ ಕೂತು ನೀರು ಕೊಂಡುಕೊಳ್ಳಬಹುದಲ್ವಾ? ಅವರ ಕುರುವೈ ಬೆಳೆಗಿಂತ ಬೆಂಗಳೂರಿನ ಒಂದು ಟಿಎಂಸಿಗೆ ಬೆಲೆ ಹೆಚ್ಚು.

ಸೀಮೆಸುಣ್ಣ

ಹಕ್ಕು ಸಾಮಾನ್ಯ ವರ್ಷಕ್ಕೆ ಮಾತ್ರ ಬರೆದಿದೆ. ಜಗಳ ಬರುವುದು ಮಳೆ ಕೈಕೊಟ್ಟ ವರ್ಷ. ಆ ವರ್ಷದ ಪಾಲು ಎಷ್ಟು ಅಂತಲೇ ನಿಖರವಾಗಿಲ್ಲದಿದ್ದರೆ ಮಾರುವುದೇನನ್ನು? ಜೊತೆಗೆ ಮಾರುವವರು ಸರ್ಕಾರ, ಬೆಳೆ ಕಳೆದುಕೊಳ್ಳುವವನು ರೈತ. ದುಡ್ಡು ಅವನ ಕೈ ಸೇರುತ್ತದೆ ಅಂತ ಯಾರು ನಂಬ್ತಾರೆ? ಎಲ್ಬೆದಂಡೆಯವರು ಹೇಳಿದ 'ಮಾತಾಡಿಕೊಳ್ಳುವ ಖರ್ಚು' ಅಂದರೆ ಇದೇ.

ನಿರ್ವಾಹಕರು

ಕಾವೇರಿಯ ಮೇಲೆ ಬಂದ ಇನ್ನೂ 14 ಉತ್ತರಗಳನ್ನು ಬೇರೆ ಎಳೆಗೆ ಸಾಗಿಸಿದ್ದೇವೆ. ಇಲ್ಲಿ ಆ ಹುಡುಗನ ಓದಿನ ಮಾತು ನಡೆಯಲಿ.

ಸೀಮೆಸುಣ್ಣ

ಕರಿಕೋಟು ಸರ್, ನಿಮಗೊಂದು ಪ್ರಶ್ನೆ. ಮೋಟಾರು ಅಪಘಾತದ ಕೇಸು ಮಾಡ್ತೀರಾ?

ಕರಿಕೋಟು

ಅದೇ ಹೊಟ್ಟೆಗೆ ಅನ್ನ.

ಸೀಮೆಸುಣ್ಣ

28 ವಯಸ್ಸಿನವನು, ಸ್ವಂತ ಕೆಲಸ, ತಿಂಗಳಿಗೆ 15,000 ದುಡಿಮೆ, ಮನೆಯಲ್ಲಿ ನಾಲ್ಕು ಜನ ಅವನನ್ನೇ ನಂಬಿದವರು. ತೀರಿಕೊಂಡ. ಅವಲಂಬಿತರಿಗೆ ಎಷ್ಟು ಕೇಳ್ತೀರಿ?

ಕರಿಕೋಟು

ಇದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳ್ತೀನಿ. ಸುಪ್ರೀಂ ಕೋರ್ಟಿನ 2017ರ ತೀರ್ಪಿನ ಪ್ರಕಾರ ಸ್ವಂತ ಉದ್ಯೋಗ, 40ರೊಳಗೆ, ಮುಂದಿನ ಏಳಿಗೆಗೆ 40% ಸೇರಿಸು: 21,000. ನಾಲ್ಕು ಅವಲಂಬಿತರಿದ್ದರೆ ಸ್ವಂತ ಖರ್ಚಿಗೆ ಕಾಲು ಭಾಗ ಕಳೆ: 15,750. ಹನ್ನೆರಡು ತಿಂಗಳಿಗೆ 1,89,000. 26ರಿಂದ 30 ವಯಸ್ಸಿಗೆ ಮಲ್ಟಿಪ್ಲೈಯರ್, ಅಂದರೆ ಗುಣಿಸೋ ಅಂಕಿ 17, ಅದು 2009ರ ತೀರ್ಪಿನ ಕೋಷ್ಟಕ. 32,13,000. ಬಾಕಿ ಬಾಬ್ತುಗಳ ಮೊತ್ತ ಬೇರೆ.

ಸೀಮೆಸುಣ್ಣ

17 ಯಾಕೆ? ಅವನು 65ರ ತನಕ ದುಡಿಯುತ್ತಿದ್ದ ಅಂದರೂ 37 ವರ್ಷ ಇತ್ತಲ್ಲ. 37ರಿಂದ ಯಾಕೆ ಗುಣಿಸಲ್ಲ?

ಕರಿಕೋಟು

ಕೋಷ್ಟಕದಲ್ಲಿ ಹಾಗಿದೆ. ದುಡ್ಡು ಒಟ್ಟಿಗೇ ಸಿಗುತ್ತಲ್ಲ, ಬ್ಯಾಂಕಿಗೆ ಹಾಕಿದ್ರೆ ಬಡ್ಡಿ ಬರುತ್ತೆ. ಅದಕ್ಕೇ ಕಡಿಮೆ.

ಸೀಮೆಸುಣ್ಣ

ಎಷ್ಟು ಬಡ್ಡಿ?

ನಾನೇ ಹೇಳ್ತೀನಿ. ವರ್ಷಕ್ಕೆ ಒಂದು ರೂಪಾಯಿಯಂತೆ 37 ವರ್ಷ ಬರುವ ಹಣವನ್ನು ಶೇ 5ರ ಬಡ್ಡಿಯಲ್ಲಿ ಇವತ್ತಿನ ಬೆಲೆಗೆ ತಂದರೆ 16.7 ರೂಪಾಯಿ. ನಿಮ್ಮ 17 ಅಂದರೆ ಹೆಚ್ಚುಕಡಿಮೆ ಅದೇ. ಅಂದರೆ ಆ ಒಂದು ಅಂಕಿಯೊಳಗೆ ಬಡ್ಡಿ ದರವೂ ಕೂತಿದೆ, ಬದುಕಿನ ಅವಧಿಯೂ ಕೂತಿದೆ. ಶೇ 3 ಅಂತ ಹಿಡಿದಿದ್ದರೆ 22 ದಾಟುತ್ತಿತ್ತು. ನಿಮ್ಮ ಕಕ್ಷಿದಾರಳಿಗೆ ಒಂಬತ್ತು ಲಕ್ಷಕ್ಕೂ ಹೆಚ್ಚು ವ್ಯತ್ಯಾಸ. 22 ವರ್ಷದಿಂದ ನೀವು ಅರ್ಥಶಾಸ್ತ್ರವನ್ನೇ ಮಾಡ್ತಿದೀರಿ ಸರ್, ಬಡ್ಡಿ ಎಷ್ಟು ಅಂತ ಕೇಳಿರಲಿಲ್ಲ ಅಷ್ಟೇ.

ಈಗ ಕೃಷ್ಣಾತೀರ, ಗಣಿತದ ಮಾತು. ಮೇಲಿನ ಲೆಕ್ಕಕ್ಕೆ ಬೇಕಾದದ್ದು ಗುಣೋತ್ತರ ಶ್ರೇಢಿ ಮಾತ್ರ. ಎಂಎಗೆ ಅಷ್ಟು ಸಾಲದು. ಅವಕಲನ, ಸ್ವಲ್ಪ ಮ್ಯಾಟ್ರಿಕ್ಸ್, ಸಂಭವನೀಯತೆ, ಆಮೇಲೆ ರಿಗ್ರೆಷನ್. ಆರು ತಿಂಗಳು, ದಿನಕ್ಕೆ ಒಂದೂವರೆ ಗಂಟೆ, ಪೆನ್ನು ಹಿಡಿದು ಮಾಡಬೇಕು. ವಿಡಿಯೋ ನೋಡಿದರೆ ಬರುವುದಿಲ್ಲ. ಪಿಯುಸಿಯ ಗಣಿತ ಪುಸ್ತಕದಿಂದ ಶುರು ಮಾಡಿ.

ಕರಿಕೋಟು

ನಿನ್ನೆ ರಾತ್ರಿ ಕೂತು ಆ ಲೆಕ್ಕವನ್ನು ಮಗಳ ಹತ್ತಿರ ಎಕ್ಸೆಲ್‌ನಲ್ಲಿ ಮಾಡಿಸಿದೆ. ಸರಿ ಇದೆ. ಸೋತೆ ಅಂತ ಅಲ್ಲ, ಆದರೆ ಸರಿ ಇದೆ.

ಹಾಗಾದರೆ ನನ್ನದೂ ಒಂದು ತಗೊಳ್ಳಿ. ಭೂಸ್ವಾಧೀನ. 2013ರ ಕಾಯ್ದೆಯಲ್ಲಿ ಮಾರುಕಟ್ಟೆ ಬೆಲೆ ಕಟ್ಟೋದು ಹೇಗೆ? ಮಾರ್ಗಸೂಚಿ ದರ ಒಂದು. ಹಿಂದಿನ ಮೂರು ವರ್ಷದಲ್ಲಿ ಸುತ್ತಮುತ್ತ ನೋಂದಣಿಯಾದ ಕ್ರಯಪತ್ರಗಳಲ್ಲಿ ಹೆಚ್ಚು ಬೆಲೆಯ ಅರ್ಧದ ಸರಾಸರಿ ಇನ್ನೊಂದು. ಇದರಲ್ಲಿ ಯಾವುದು ಹೆಚ್ಚೋ ಅದು. ಹಳ್ಳಿಯಾದರೆ ಒಂದರಿಂದ ಎರಡರವರೆಗೆ ಗುಣಿಸು, ಅದರ ಮೇಲೆ ಅಷ್ಟೇ ಸೊಲೇಷಿಯಂ, ಅಂದರೆ ಹೆಚ್ಚುವರಿ ಪರಿಹಾರ. ಕೇಳೋಕೆ ಭರ್ಜರಿ. ಆದ್ರೆ ನಮ್ಮ ಜನ ಕ್ರಯಪತ್ರದಲ್ಲಿ ಬರೆಸೋದೆಷ್ಟು? ಎಕರೆ 60 ಲಕ್ಷಕ್ಕೆ ಕೊಡ್ತಾರೆ, ಮಾರ್ಗಸೂಚಿ ದರಕ್ಕೆ ಸರಿಯಾಗಿ 18 ಅಂತ ಬರೆಸ್ತಾರೆ. ಸ್ಟಾಂಪು ಉಳೀತು ಅಂತ ಸಬ್‌ರಿಜಿಸ್ಟ್ರಾರ್ ಆಫೀಸಿನ ಮುಂದೆ ಕಾಫಿ ಕುಡೀತಾರೆ. ಎರಡು ವರ್ಷ ಆದ ಮೇಲೆ ರಸ್ತೆ ಬರುತ್ತೆ. ಅವರ ಪಕ್ಕದವನ ಜಮೀನು ಹೋಗುತ್ತೆ. ಅವನು ಯಾವ ಪತ್ರವನ್ನೂ ಕಡಿಮೆ ಬರೆಸಿದವನಲ್ಲ, ಮಾರಿದವನೇ ಅಲ್ಲ. ಆದ್ರೆ ಊರಿನೋರು ಬರೆಸಿದ 18 ಲಕ್ಷ ಅವನ ತಲೆ ಮೇಲೆ ಬೀಳುತ್ತೆ. ನನ್ನ ಹತ್ರ ಬಂದು ಅಳ್ತಾನೆ. ನಾನು ಪತ್ರ ತೆಗೆದು ತೋರಿಸಿದ್ರೆ, 'ಅದು ಬಿಡಿ ಸಾರ್, ಅದು ಕಾಗದಕ್ಕೆ' ಅಂತಾನೆ. ಕೋರ್ಟಿಗೆ ಇರೋದು ಕಾಗದವೇ.

ಎಲ್ಬೆದಂಡೆ

ಸರ್, ಇದು ಒಂದು ಇಡೀ ಪ್ರಬಂಧದ ವಿಷಯ. ಒಬ್ಬೊಬ್ಬನಿಗೂ ಸುಳ್ಳು ಬೆಲೆ ಬರೆಸುವುದು ಲಾಭ, ಅದರ ನಷ್ಟ ಹಂಚಿಹೋಗುವುದು ಊರಿಗೆಲ್ಲ. ಮಾಹಿತಿಯೇ ಸಾರ್ವಜನಿಕ ಸೊತ್ತು, ಅದನ್ನು ಎಲ್ಲರೂ ಸೇರಿ ಕೆಡಿಸಿದ್ದು. ಮಾರ್ಗಸೂಚಿ ದರ ಏರಿಸುವುದು ಬೇಕೋ, ಸ್ಟಾಂಪು ಶುಲ್ಕ ಇಳಿಸುವುದು ಬೇಕೋ, ಯಾವುದು ಮಾಡಿದರೆ ಜನ ನಿಜ ಬರೆಸ್ತಾರೆ? ನೀವು ಪಿಎಚ್‌ಡಿಗೆ ಸೇರಬೇಕಿತ್ತು.

ಕರಿಕೋಟು

ಈ ವಯಸ್ಸಿಗೆ ಬೇಡ ತಾಯಿ.

ಅಡಿಕೆಗೊನೆ

ಕೃಷ್ಣಾತೀರ, ನಿಮ್ಮ ತಾಲೂಕು ರಾಯಬಾಗ ಅಂದ್ರಲ್ಲ. 2017ರ ಶಿವಶಕ್ತಿ ಶುಗರ್ಸ್ ವಿರುದ್ಧ ರೇಣುಕಾ ಶುಗರ್ಸ್ ತೀರ್ಪು ಓದಿದೀರಾ? ಬೆಳಗಾವಿ ಜಿಲ್ಲೆಯದೇ. 1966ರ ಕಬ್ಬು ನಿಯಂತ್ರಣ ಆದೇಶಕ್ಕೆ 2006ರಲ್ಲಿ 6ಎ ಸೇರಿತು: ಹಳೆಯ ಕಾರ್ಖಾನೆಯ 15 ಕಿ.ಮೀ. ಒಳಗೆ ಹೊಸದು ಬರಬಾರದು. ಆ ದೂರ ಇದೆಯೋ ಇಲ್ಲವೋ ಅನ್ನುವುದೇ ಜಗಳದ ಮೂಲ. ಹೈಕೋರ್ಟಿನಲ್ಲಿ ಹೊಸ ಕಾರ್ಖಾನೆ ಸೋತಿತು, ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು. ನ್ಯಾಯಮೂರ್ತಿ ಸಿಕ್ರಿ ಬರೆದ ಆ ತೀರ್ಪಿನಲ್ಲಿ ಕಾನೂನಿನ ಆರ್ಥಿಕ ವಿಶ್ಲೇಷಣೆ ಅಂತಲೇ ಹೆಸರಿಟ್ಟು ಚರ್ಚೆ ಇದೆ. ಕಾನೂನು ಎರಡು ಅರ್ಥಕ್ಕೆ ಎಡೆ ಕೊಟ್ಟರೆ ಆರ್ಥಿಕ ಪರಿಣಾಮವನ್ನೂ ನೋಡಬೇಕು ಅನ್ನುವ ಧಾಟಿ. ಅಮೆರಿಕದ ಪ್ರೊಫೆಸರು ಅಂತ ಹಂಗಿಸಿದರಲ್ಲ ಕರಿಕೋಟು ಸರ್, ಅವರ ವಿಷಯ ನಮ್ಮ ಕಬ್ಬಿನ ಗದ್ದೆಗೇ ಬಂದಿದೆ.

ಕೃಷ್ಣಾತೀರ

ಓದಿದ್ನಿರಿ, ಎರಡು ದಿನ ಹಿಡೀತು. ಅದಕ್ಕೇ ಉತ್ತರ ತಡ ಆತು.

ಕೋರ್ಟು ಕಾರ್ಖಾನೆಯ ಹೂಡಿಕೆ ನೋಡ್ತು, ರೈತರ ಮಾತೂ ಬಂತು, ಖರೇ. ಆದ್ರ ನನಗೆ ಬೇರೇನೇ ಅನಿಸ್ತು. ಕಬ್ಬು ಕಡಿದ ಮ್ಯಾಲೆ ಕಾಯಂಗಿಲ್ಲ. ಒಣಗ್ತದ, ತೂಕ ಇಳೀತದ. ಹೋದ ವರ್ಷ ನಮ್ಮ ಟ್ರ್ಯಾಕ್ಟರು ಕಾರ್ಖಾನೆ ಗೇಟಿನ ಮುಂದೆ ಎರಡು ರಾತ್ರಿ ನಿಂತಿತ್ತು. ಅಪ್ಪ ಟ್ರೇಲರ್ ಕೆಳಗೆ ಗೋಣಿ ಹಾಸಿ ಮಲಗಿದ್ದ. ಬ್ಯಾರೆ ಕಾರ್ಖಾನೆಗೆ ಒಯ್ಯಬೇಕಂದ್ರ ಬಾಡಿಗಿ ಹೆಚ್ಚು, ಒಯ್ದು ಮುಟ್ಟೋದ್ರೊಳಗ ಇನ್ನಷ್ಟು ತೂಕ ಹೋಗ್ತದ. ಅಂದ್ರ ನಮ್ಮ ಪಾಲಿಗೆ ಕೊಳ್ಳಾವ ಒಬ್ಬನೇ. 15 ಕಿ.ಮೀ. ನಿಯಮ ಆ ಒಬ್ಬನಿಗೆ ಬೇಲಿ ಹಾಕಿಕೊಟ್ಟಂಗಾತು. ಬಿಎದಾಗ ಏಕಸ್ವಾಮ್ಯ ಅಂತ ಓದಿದ್ದು ಮಾರಾವನ ಬಗ್ಗೆ. ಇಲ್ಲಿ ಕೊಳ್ಳಾವನ ಏಕಸ್ವಾಮ್ಯ ಅಲ್ಲೇನ್ರಿ?

ಸೀಮೆಸುಣ್ಣ

ಅದೇ. ಹೆಸರು ಮೊನಾಪ್ಸನಿ. 2012ರಲ್ಲಿ ಸಕ್ಕರೆ ಉದ್ಯಮದ ಬಗ್ಗೆ ಕೇಂದ್ರ ನೇಮಿಸಿದ್ದ ರಂಗರಾಜನ್ ಸಮಿತಿ ಇದನ್ನೇ ಹೇಳಿ ದೂರದ ನಿಯಮ ತೆಗೆಯಿರಿ ಅಂತ ಶಿಫಾರಸು ಮಾಡಿತ್ತು. ಆದರೆ ಕಾರ್ಖಾನೆಯ ಕಡೆಯ ವಾದವನ್ನೂ ಕೇಳಿ: ನೂರಾರು ಕೋಟಿ ಹಾಕಿದವನಿಗೆ ಕಬ್ಬು ಸಿಗುತ್ತದೆ ಅನ್ನುವ ಭರವಸೆ ಇಲ್ಲದಿದ್ದರೆ ಅವನು ಕಟ್ಟುವುದೇ ಇಲ್ಲ. ಎರಡರಲ್ಲಿ ಯಾವುದು ತೂಗುತ್ತದೆ ಅನ್ನುವುದು ವಾದದಿಂದ ತೀರುವುದಿಲ್ಲ, ಅಂಕಿ ಬೇಕು. ಎರಡನೇ ಕಾರ್ಖಾನೆ ಹತ್ತಿರ ಬಂದ ಊರುಗಳಲ್ಲಿ ಬಿಲ್ಲು ಬೇಗ ಬಂತೇ? ಬರದಿದ್ದ ಊರುಗಳಲ್ಲಿ? ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು? ಈ ನಾಲ್ಕು ಅಂಕಿ ಹೋಲಿಸಲು ಕಲಿಯುವುದೇ ಎಂಎಯ ಅರ್ಧ ಓದು. ಸಕ್ಕರೆ ನಿರ್ದೇಶಕರ ಕಚೇರಿಗೆ ಆರ್‌ಟಿಐ ಹಾಕಿ ನೋಡಿ.

ನನ್ನ ಸಲಹೆ: ಜುಲೈನಲ್ಲಿ ದೂರಶಿಕ್ಷಣದ ಎಂಎಗೆ ಸೇರಿ, ಜೊತೆಗೆ ಸನ್ನದು ತಗೊಂಡು ಪ್ರಾಕ್ಟೀಸು. ಎರಡು ವರ್ಷ ಆದ ಮೇಲೆ ಎಲ್‌ಎಲ್‌ಎಂಗೋ ಹೊರದೇಶಕ್ಕೋ ಅರ್ಜಿ. ಬೆಂಗಳೂರಿನ ನಾಗರಬಾವಿಗೆ ಒಮ್ಮೆ ಹೋಗಿ ಬನ್ನಿ. ರಾಷ್ಟ್ರೀಯ ಕಾನೂನು ಶಾಲೆಯೂ ಅಲ್ಲೇ, ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಐಸೆಕ್ಕೂ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ) ಅಲ್ಲೇ. ಕಾನೂನು ಮತ್ತು ಅರ್ಥಶಾಸ್ತ್ರ ಒಂದೇ ಬಡಾವಣೆಯಲ್ಲಿವೆ, ಆಟೋ ಕೂಡ ಬೇಡ.

ಎಲ್ಬೆದಂಡೆ

ಒಪ್ಪಿದೆ. ಒಂದು ತಿದ್ದುಪಡಿ ಮಾತ್ರ. ಇಎಂಎಲ್‌ಇಗೆ ಬರುವುದಾದರೆ ಸ್ಕಾಲರ್‌ಶಿಪ್ ಇಲ್ಲದೆ ಬರಬೇಡಿ, ಜಮೀನು ಅಡ ಇಟ್ಟಂತೂ ಬೇಡವೇ ಬೇಡ.

ಕೃಷ್ಣಾತೀರ

ಅಪ್ಪಗ ಹೇಳ್ದೆ. ಸನ್ನದು ಬಿಡಂಗಿಲ್ಲ ಅಂದಿದ್ದಕ್ಕ ಹೂಂ ಅಂದ.

ಇನ್ನೊಂದು ಸಿಕ್ಕೈತಿ. ಅಡಗಿಮನಿ ಗ್ವಾಡಿ ಮೊಳೀಗೆ ಒಂದು ಪ್ಲಾಸ್ಟಿಕ್ ಚೀಲ ಜೋತುಬಿದ್ದಿತ್ತು. ಒಳಗ 2009ರಿಂದ ಈಚಿನ ಕಬ್ಬಿನ ತೂಕದ ಚೀಟಿ ಎಲ್ಲಾ ಅದಾವ. ಕೆಲವು ಅಕ್ಷರ ಅಳಿಸ್ಯಾವ. ಅಪ್ಪ ಪ್ರತಿ ಚೀಟಿ ಹಿಂದೆ ಪೆನ್ಸಿಲ್‌ನಿಂದ ಬಿಲ್ಲು ಜಮಾ ಆದ ತಾರೀಖು ಬರದಾನ, ನನಗೆ ಗೊತ್ತೇ ಇರಲಿಲ್ಲ. ಕಬ್ಬು ನಿಯಂತ್ರಣ ಆದೇಶದಾಗ 14 ದಿನದೊಳಗ ಬಿಲ್ಲು ಕೊಡಬೇಕು ಅಂತ ಐತಿ. ನಿನ್ನೆ ರಾತ್ರಿ ಕೂತು ಎಣಿಸಿದೆ. ಒಂದು ಹಂಗಾಮಿನಾಗ 19 ದಿನ, ಇನ್ನೊಂದರಾಗ 112. ಎಲ್ಲಾ ಎಕ್ಸೆಲ್‌ಗೆ ಹಾಕಾಕತ್ತೀನಿ. ಚಿಕ್ಕಪ್ಪನ ಮನ್ಯಾಗೂ ಚೀಲ ಐತಂತ.

ಸೀಮೆಸುಣ್ಣ

ಆ ಚೀಲ ಜೋಪಾನ. ಒಂದೊಂದು ಚೀಟಿಯದೂ ಎರಡೂ ಬದಿ ಫೋಟೋ ತೆಗೆದಿಡಿ, ಇವತ್ತೇ.

ಕರಿಕೋಟು

ನಮ್ಮ ಕಡೆಯೂ ಕಬ್ಬೇ ತಮ್ಮಾ. ಅದೇ ಆದೇಶದಲ್ಲಿ 14 ದಿನ ದಾಟಿದರೆ ವರ್ಷಕ್ಕೆ 15% ಬಡ್ಡಿ ಅಂತಲೂ ಇದೆ, ನೋಡಿದೆಯಾ? ನಿಮ್ಮಪ್ಪ ಯಾವತ್ತಾದರೂ ಕೇಳಿದಾರಾ? ಮೂರು ವರ್ಷದ ಒಳಗಿನ ಚೀಟಿಗಳನ್ನು ಬೇರೆ ತೆಗೆದಿಡು, ಕಾಲಮಿತಿ ಇದೆ. ಬಡ್ಡಿ ಎಷ್ಟಾಗುತ್ತೆ ಅಂತ ಆ ಎಕ್ಸೆಲ್‌ನಲ್ಲಿ ಇನ್ನೊಂದು ಕಾಲಂ ಹಾಕಿ ಕಳಿಸು. ನೋಟಿಸು ನಾನು ಬರೆದುಕೊಡ್ತೀನಿ, ಫೀಸು ಬೇಡ.